ಜೀವಕೋಶದ ಯತಿ

ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆ ಪಡೆದು ಊರಿಗೆ ಮರಳಿದವರನ್ನು ಕುರಿತು ನಮ್ಮ ರಾಯಚೂರು ಸೀಮೆಯಲ್ಲಿ “ಕರೆಂಟು ಕೊಡಿಸಿಕೊಂಡು ಬಂದಾರ” ಎನ್ನುವುದುಂಟು. ದೇವದುರ್ಗದ ಸಂತೆಯಲ್ಲಿಯೂ ಮಾನ್ವಿಯ ಬಸ್ಸು ನಿಲ್ದಾಣದಲ್ಲಿಯೂ ಈ ಮಾತು ಕಿವಿಗೆ ಬೀಳುತ್ತದೆ. ಮಾತು ಶಾಸ್ತ್ರಸಮ್ಮತವಾದುದಲ್ಲ, ದೇಹದೊಳಕ್ಕೆ ಹೋಗುವುದು ವಿದ್ಯುತ್ತಲ್ಲ, ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು. ಆದರೆ ಮಾತಿನ ಹಿಂದಿರುವ ಭಯ ಮಾತ್ರ ನಿಜವಾದುದೇ. ಒಂದೇ ಓಣಿಯ ಇಬ್ಬರಿಗೆ ಒಂದೇ ರೋಗ ಬರುತ್ತದೆ. ಒಂದೇ ಆಸ್ಪತ್ರೆಯಲ್ಲಿ ಒಂದೇ ಅಳತೆಯ ಕಿರಣ ಬೀಳುತ್ತದೆ. ಒಬ್ಬರು ಗುಣಮುಖರಾಗಿ ಹೊಲದ ಕೆಲಸಕ್ಕೆ ಇಳಿಯುತ್ತಾರೆ. ಇನ್ನೊಬ್ಬರಿಗೆ ವರ್ಷ ತುಂಬುವುದರೊಳಗೆ ಗಂತಿ ಮತ್ತೆ ತಲೆಯೆತ್ತುತ್ತದೆ. ಹಿರಿಯರು ಇದನ್ನು ಹಣೆಬರಹವೆನ್ನುತ್ತಾರೆ. ಆ ಬರಹದ ಲಿಪಿಯನ್ನು ಓದಲು ವಿಜ್ಞಾನಿಗಳು ನೂರು ವರ್ಷಗಳಿಗೂ ಮೀರಿ ಪಟ್ಟ ಶ್ರಮದ ಇತಿಹಾಸವೇ ಈ ಲೇಖನದ ವಸ್ತು. ನಾನು ವೈದ್ಯನಲ್ಲ, ವ್ಯಾಕರಣ ಛಂದಸ್ಸುಗಳನ್ನು ಕಲಿಸುವವನು. ಆದಕಾರಣ ಉಪಮಾನಗಳು ಆ ಕಡೆಯಿಂದ ಬಂದರೆ ವಾಚಕರು ಸಹಿಸಿಕೊಳ್ಳಬೇಕು.

ಜರ್ಮನಿಯ ರಾಂಟ್‌ಜೆನ್ ಅವರು ಕ್ಷಕಿರಣವನ್ನು ಕಂಡದ್ದು ೧೮೯೫ರ ನವೆಂಬರಿನಲ್ಲಿ. ಮೂರು ವರ್ಷಗಳ ತರುವಾಯ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದರು. ಈ ಕಿರಣ ಮೈಯನ್ನು ಸುಡಬಲ್ಲುದೆಂಬುದು ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ೧೯೦೧ರಲ್ಲಿ ಬೆಕೆರೆಲ್ ಅವರು ರೇಡಿಯಮ್ಮಿನ ಚಿಕ್ಕ ಕೊಳವೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಕೆಲದಿನಗಳಲ್ಲಿ ಆ ಜಾಗದ ಚರ್ಮ ಕೆಂಪಾಗಿ ಹುಣ್ಣಾಯಿತು. ಆರೋಗ್ಯವಂತನ ಚರ್ಮವನ್ನು ಸುಡುವುದು ರೋಗದ ಗಂತಿಯನ್ನೂ ಸುಡಲಾರದೆ ಎಂಬ ಆಲೋಚನೆ ವೈದ್ಯರಿಗೆ ಸಹಜವಾಗಿಯೇ ಬಂತು.

ಆದರೆ ಗಂತಿಯನ್ನು ಸುಟ್ಟು ಸುತ್ತಲಿನ ಮಾಂಸವನ್ನು ಉಳಿಸುವುದು ಹೇಗೆ? ೧೯೦೬ರಲ್ಲಿ ಫ್ರಾನ್ಸಿನ ಬೋರ್ದೋ ನಗರದ ಬೆರ್ಗೋನಿಯೆ ಮತ್ತು ತ್ರಿಬೊಂದೋ ಎಂಬಿಬ್ಬರು ಇಲಿಯ ವೃಷಣಗಳ ಮೇಲೆ ಕಿರಣ ಬಿಟ್ಟು ಪರೀಕ್ಷಿಸಿ ಒಂದು ಸೂತ್ರವನ್ನು ಹೇಳಿದರು. ಯಾವ ಜೀವಕೋಶ ಹೆಚ್ಚು ಹೆಚ್ಚಾಗಿ ಒಡೆದು ಎರಡಾಗುತ್ತಿರುವುದೋ, ಯಾವುದು ಇನ್ನೂ ಬಲಿತು ತನ್ನ ಕಸುಬನ್ನು ಹಿಡಿದಿಲ್ಲವೋ, ಅದು ಕಿರಣಕ್ಕೆ ಬೇಗ ಬಲಿಯಾಗುತ್ತದೆ ಎಂಬುದೇ ಆ ಸೂತ್ರ. ಗಂತಿಯ ಕೋಶಗಳು ಬಿಡುವಿಲ್ಲದೆ ಒಡೆಯುವಂಥವು. ಆದ್ದರಿಂದ ಅವು ಸಾಯುತ್ತವೆ, ಉಳಿದವು ಉಳಿಯುತ್ತವೆ. ಸೂತ್ರ ಪಾಣಿನಿಯದರಂತೆ ಅಡಕವಾಗಿದೆ. ಅದಕ್ಕೊಂದು ಅಪವಾದವೂ ಉಂಟು. ರಕ್ತದಲ್ಲಿರುವ ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಒಡೆಯುವ ಗೋಜಿಗೆ ಹೋಗದೆ ಸುಮ್ಮನಿರುವಂಥವು. ಆದರೂ ತೀರ ಅಲ್ಪ ಕಿರಣಕ್ಕೇ ಸಾಯುತ್ತವೆ. ಈ ಅಪವಾದಕ್ಕೆ ಕಾರಣ ತಿಳಿಯಲು ಎಂಬತ್ತೇಳು ವರ್ಷ ಬೇಕಾಯಿತು. ಬೆರ್ಗೋನಿಯೆ ಅವರು ಅದನ್ನು ನೋಡಲಿಲ್ಲ. ಕಿರಣಗಳೊಡನೆ ಕೆಲಸ ಮಾಡುತ್ತ ಬಲಗೈಯನ್ನೇ ಕಳೆದುಕೊಂಡು ೧೯೨೫ರಲ್ಲಿ ತೀರಿಕೊಂಡರು.

ಇದೇ ಕಾಲದಲ್ಲಿ ಪ್ಯಾರಿಸ್ಸಿನ ಕ್ಲೋದ್ ರೆಗೋ ಅವರು ಟಗರುಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಒಂದೇ ಸಲಕ್ಕೆ ಟಗರಿನ ಬೀಜಶಕ್ತಿಯನ್ನು ಅಳಿಸಬೇಕೆಂದರೆ ಚರ್ಮ ಕೊಳೆಯುವಷ್ಟು ಕಿರಣ ಬಿಡಬೇಕಾಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟರೆ ಬೀಜ ಅಳಿದು ಚರ್ಮ ಉಳಿಯುತ್ತಿತ್ತು. ಒಡೆಯುತ್ತಿರುವ ಗಂತಿಗೂ ಇದೇ ಕ್ರಮ ಒಪ್ಪುವುದೆಂದು ಅವರು ಕಂಡುಕೊಂಡರು. ಅವರ ಸಹೋದ್ಯೋಗಿ ಕುತಾರ್ ಅವರು ಗಂಟಲಿನ ಗಂತಿಗೆ ಈ ಕ್ರಮವನ್ನು ಅನುಸರಿಸಿ ರೋಗಿಗಳನ್ನು ಉಳಿಸಿದರು. ಇಂದು ಬಾಯಿಯ ಗಂತಿಗೆ ದಿನಕ್ಕೆ ೨ ಗ್ರೇ ಪ್ರಮಾಣದಂತೆ, ವಾರಕ್ಕೆ ಐದು ದಿನ, ಆರೇಳು ವಾರಗಳವರೆಗೆ ಕಿರಣ ಕೊಡುವ ಪದ್ಧತಿಯ ಮೂಲ ಇಲ್ಲಿದೆ. ಹಂಚಿ ಕೊಟ್ಟರೆ ಏಕೆ ಒಳಿತೆಂಬುದು ಮಾತ್ರ ಆಗ ಯಾರಿಗೂ ಸ್ಪಷ್ಟವಾಗಿರಲಿಲ್ಲ. ಅನುಭವ ಮುಂದೆ ನಡೆಯಿತು, ಶಾಸ್ತ್ರ ಹಿಂದಿನಿಂದ ಬಂತು.

ನಮ್ಮ ಕಡೆಗೆ ಈ ಚಿಕಿತ್ಸೆ ಬಂದ ಬಗೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ೧೯೫೬ರ ನವೆಂಬರ್ ಒಂದರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಅದಕ್ಕೆ ಒಂದು ವರ್ಷ ಮುಂಚೆ, ೧೯೫೫ರಲ್ಲಿ, ಹೈದರಾಬಾದಿನಲ್ಲಿ ಅರ್ಬುದ ರೋಗದ ಆಸ್ಪತ್ರೆ ತೆರೆಯಿತು. ಮೆಹದಿ ನವಾಜ್ ಜಂಗ್ ಅವರ ಹೆಸರಿನಲ್ಲಿ ಅದು ಇಂದಿಗೂ ನಡೆದಿದೆ. ರಾಜ್ಯಗಳ ಗಡಿ ಬದಲಾದರೂ ರೋಗಿಗಳ ದಾರಿ ಒಮ್ಮೆಗೇ ಬದಲಾಗುವುದಿಲ್ಲ. ಬೆಂಗಳೂರಿನಲ್ಲಿ ರಫಿ ಅಹಮದ್ ಕಿದ್ವಾಯಿ ಅವರ ಸ್ಮಾರಕವಾಗಿ ಕಿದ್ವಾಯಿ ಸಂಸ್ಥೆ ಸ್ಥಾಪನೆಯಾದದ್ದು ೧೯೭೩ರಲ್ಲಿ. ೧೯೮೦ರಲ್ಲಿ ಅದು ಪ್ರಾದೇಶಿಕ ಅರ್ಬುದ ಕೇಂದ್ರವಾಯಿತು. ಮುಂದೆ ಕಲಬುರಗಿಯಲ್ಲಿ ಅದರ ಶಾಖೆಯೂ ಬಂತು. ರಾಯಚೂರಿನಿಂದ ರಾತ್ರಿಯ ರೈಲು ಹಿಡಿದು ಬೆಂಗಳೂರಿಗೋ, ಬಸ್ಸು ಹಿಡಿದು ಕಲಬುರಗಿಗೋ ಹೈದರಾಬಾದಿಗೋ ಹೋಗುವ ಕುಟುಂಬಗಳು ಬುತ್ತಿಯ ಗಂಟಿನೊಡನೆ ಚಿಕಿತ್ಸೆಯ ಚೀಟಿಗಳ ಕಟ್ಟನ್ನೂ ಒಯ್ಯುತ್ತವೆ.

ಈಗ ಜೀವಕೋಶದ ಒಳಗನ್ನು ನೋಡೋಣ. ೧೯೫೩ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೊವರ್ಡ್ ಎಂಬ ಮಹಿಳೆಯೂ ಸ್ಟೀಫನ್ ಪೆಲ್ಕ್ ಎಂಬುವರೂ ನಮ್ಮ ಅವರೆಯನ್ನು ಹೋಲುವ ವಿಲಾಯತಿ ಕಾಳೊಂದರ ಬೇರಿನ ತುದಿಗೆ ವಿಕಿರಣ ಸೂಸುವ ರಂಜಕವನ್ನು ಉಣಿಸಿ ನೋಡಿದರು. ಕೋಶ ಎರಡಾಗುವುದಕ್ಕೆ ಮುಂಚೆ ತನ್ನಲ್ಲಿರುವ ಡಿಎನ್‌ಎ ಎಂಬ ವಂಶಲಿಪಿಯನ್ನು ಪ್ರತಿ ಮಾಡಿಕೊಳ್ಳಬೇಕಷ್ಟೆ. ಆ ಪ್ರತಿ ಮಾಡುವ ಕೆಲಸ ಎಲ್ಲ ಹೊತ್ತಿನಲ್ಲಿಯೂ ನಡೆಯದು, ಅದಕ್ಕೆ ಗೊತ್ತಾದ ಒಂದು ಅವಧಿಯುಂಟು ಎಂಬುದು ಅವರ ಶೋಧ. ಆ ಅವಧಿಗೆ ಮೊದಲು ಒಂದು ಬಿಡುವು, ಆಮೇಲೆ ಒಂದು ಬಿಡುವು, ಅನಂತರ ಒಡೆಯುವಿಕೆ. ಹೀಗೆ ನಾಲ್ಕು ಪಾದಗಳ ಪದ್ಯದಂತೆ ಕೋಶದ ಬಾಳು ಸುತ್ತುತ್ತದೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಈ ಒಂದು ಸುತ್ತಿಗೆ ಸುಮಾರು ಒಂದು ಹಗಲು ಒಂದು ರಾತ್ರಿ ಬೇಕು.

ವೃತ್ತಗಳಲ್ಲಿ ಯತಿ ಎಂಬುದೊಂದಿದೆ. ಓದುವವನು ಉಸಿರೆಳೆದುಕೊಳ್ಳಲು ಪಾದದ ನಡುವೆ ನಿಲ್ಲಬೇಕಾದ ತಾಣ ಅದು. ಸಂಸ್ಕೃತದವರು ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಕನ್ನಡ ಕವಿಗಳು ಅದನ್ನು ಧಾರಾಳವಾಗಿ ದಾಟಿದರು. ಯತಿವಿಲಂಘನವೆಂಬ ಹೆಸರೇ ನಮ್ಮಲ್ಲಿ ಹುಟ್ಟಿಕೊಂಡಿತು. ಅದರಿಂದ ಕಾವ್ಯವೇನೂ ಕೆಡಲಿಲ್ಲ. ಜೀವಕೋಶದ ಪದ್ಯದಲ್ಲಿಯೂ ಯತಿಸ್ಥಾನಗಳಿವೆ, ಮುಖ್ಯವಾದವು ಆ ಎರಡು ಬಿಡುವುಗಳಲ್ಲಿ. ಪ್ರತಿ ಮಾಡಲು ತೊಡಗುವ ಮುಂಚೆ ಒಮ್ಮೆ, ಎರಡಾಗಿ ಒಡೆಯುವ ಮುಂಚೆ ಒಮ್ಮೆ, ಕೋಶ ನಿಂತು ತನ್ನ ಲಿಪಿಯಲ್ಲಿ ತಪ್ಪಿದೆಯೇ ಎಂದು ನೋಡಿಕೊಳ್ಳುತ್ತದೆ. ಇಲ್ಲಿ ಯತಿಯನ್ನು ದಾಟಿದರೆ ಕವಿಗೆ ಸಿಗುವ ರಿಯಾಯಿತಿ ಸಿಗದು.

ಕಿರಣದ ಕೆಲಸವೆಲ್ಲ ಈ ಲಿಪಿಯ ಮೇಲೆಯೇ. ಒಂದು ಗ್ರೇ ಕಿರಣ ಒಂದು ಕೋಶದ ಮೇಲೆ ಬಿದ್ದರೆ ಡಿಎನ್‌ಎಯ ಎರಡೆಳೆಗಳಲ್ಲಿ ಒಂದೇ ಎಳೆ ತುಂಡಾಗುವ ತಾಣಗಳು ಸುಮಾರು ಸಾವಿರ. ಎರಡೂ ಎಳೆಗಳು ಒಟ್ಟಿಗೆ ತುಂಡಾಗುವ ತಾಣಗಳು ಸುಮಾರು ನಲವತ್ತು. ಒಂಟಿ ಎಳೆಯ ಮುರಿತವನ್ನು ಕೋಶ ಸುಲಭವಾಗಿ ಹೊಲಿದುಕೊಳ್ಳುತ್ತದೆ, ಎದುರಿನ ಎಳೆಯನ್ನು ನೋಡಿ ಬರೆದುಕೊಳ್ಳಬಹುದಲ್ಲ! ಜೋಡಿ ಮುರಿತವೇ ಪ್ರಾಣಕ್ಕೆ ಎರವಾಗುವುದು.

೧೯೫೬ರಲ್ಲಿ ಅಮೆರಿಕದ ಪಕ್ ಮತ್ತು ಮಾರ್ಕಸ್ ಅವರು ಮನುಷ್ಯನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಎಷ್ಟು ಕಿರಣಕ್ಕೆ ಎಷ್ಟು ಕೋಶ ಉಳಿಯುತ್ತದೆಂದು ಮೊದಲ ಬಾರಿಗೆ ಎಣಿಸಿ ತೋರಿಸಿದರು. ೧೯೬೦ರ ದಶಕದ ಆರಂಭದಲ್ಲಿ ತೆರಾಸಿಮಾ ಮತ್ತು ಟೋಲ್‌ಮಾಕ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೋಶಗಳನ್ನೆಲ್ಲ ಒಂದೇ ತಾಳಕ್ಕೆ ನಡೆಯುವಂತೆ ಮಾಡಿ, ಗಳಿಗೆ ಗಳಿಗೆಗೂ ಒಂದೊಂದು ತಂಡದ ಮೇಲೆ ಒಂದೇ ಅಳತೆಯ ಕಿರಣ ಬಿಟ್ಟರು. ಒಡೆಯುತ್ತಿರುವ ಹೊತ್ತಿನಲ್ಲಿ ಕಿರಣ ತಗುಲಿದವು ಹೆಚ್ಚು ಸತ್ತವು. ಲಿಪಿಯ ಪ್ರತಿ ಮುಗಿಯುತ್ತ ಬಂದ ಹೊತ್ತಿನಲ್ಲಿ ತಗುಲಿದವು ಹೆಚ್ಚು ಉಳಿದವು. ಕೋಶ ಅದೇ, ಕಿರಣ ಅದೇ. ಹೊತ್ತು ಮಾತ್ರ ಬೇರೆ. ರೆಗೋ ಅವರ ಟಗರುಗಳ ಒಗಟಿನ ಒಂದು ತುದಿ ಇಲ್ಲಿ ಬಿಚ್ಚಿತು. ಇಂದು ಗಟ್ಟಿಯಾದ ಘಟ್ಟದಲ್ಲಿದ್ದು ತಪ್ಪಿಸಿಕೊಂಡ ಗಂತಿಯ ಕೋಶ ನಾಳೆ ಮೆತ್ತಗಿನ ಘಟ್ಟಕ್ಕೆ ಬಂದು ಸಿಕ್ಕಿಬೀಳುತ್ತದೆ. ಅದಕ್ಕೆಂದೇ ದಿನವೂ ಒಂದೊಂದು ತುತ್ತು.

ಹಾಗಾದರೆ ಆ ಯತಿಸ್ಥಾನಗಳಲ್ಲಿ ಕೋಶವನ್ನು ನಿಲ್ಲಿಸುವವರು ಯಾರು? ೧೯೮೮ರಲ್ಲಿ ವೈನರ್ಟ್ ಮತ್ತು ಹಾರ್ಟ್‌ವೆಲ್ ಅವರು ಹಿಟ್ಟು ಹುದುಗಿಸುವ ಯೀಸ್ಟಿನಲ್ಲಿ ಇದಕ್ಕೆ ಉತ್ತರ ಕಂಡರು. ಸಾಮಾನ್ಯ ಯೀಸ್ಟು ಕ್ಷಕಿರಣ ಬಿದ್ದೊಡನೆ ಒಡೆಯುವುದನ್ನು ನಿಲ್ಲಿಸಿ, ಲಿಪಿಯನ್ನು ತಿದ್ದಿಕೊಂಡು, ಮತ್ತೆ ಮುಂದುವರಿಯುತ್ತದೆ. ‘ರಾಡ್-೯’ ಎಂಬ ಒಂದು ಜೀನು ಕೆಟ್ಟ ಯೀಸ್ಟು ನಿಲ್ಲುವುದೇ ಇಲ್ಲ. ಮುರಿದ ಲಿಪಿಯನ್ನು ಹೊತ್ತುಕೊಂಡೇ ಒಡೆದು ಸಾಯುತ್ತದೆ. ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಸೊಗಸೆನಿಸುತ್ತದೆ. ಆ ಕೆಟ್ಟ ಯೀಸ್ಟನ್ನು ಒಂದು ಔಷಧದಿಂದ ಬಲವಂತವಾಗಿ ಕೆಲವು ಗಂಟೆ ನಿಲ್ಲಿಸಿ ಬಿಟ್ಟರು, ಅದು ಬದುಕಿಕೊಂಡಿತು. ತಿದ್ದುವ ಶಕ್ತಿ ಅದರಲ್ಲಿ ಇದ್ದೇ ಇತ್ತು, ನಿಲ್ಲುವ ವ್ಯವಧಾನ ಇರಲಿಲ್ಲ. ಕೋಶಚಕ್ರದ ಕಟ್ಟಳೆಗಳನ್ನು ಕಂಡುಹಿಡಿದುದಕ್ಕಾಗಿ ಹಾರ್ಟ್‌ವೆಲ್ ಅವರು ಹಂಟ್ ಮತ್ತು ನರ್ಸ್ ಅವರೊಡನೆ ೨೦೦೧ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಮನುಷ್ಯನಲ್ಲಿ ಈ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಹೆಸರಾದುದು ‘ಪಿ-೫೩’. ಅದರ ಚರಿತ್ರೆ ಒಂದು ಸಾಮತಿಯಂತಿದೆ. ೧೯೭೯ರಲ್ಲಿ ಲಂಡನ್ನಿನ ಡೇವಿಡ್ ಲೇನ್, ಪ್ರಿನ್ಸ್‌ಟನ್ನಿನ ಆರ್ನಾಲ್ಡ್ ಲೆವಿನ್ ಮೊದಲಾದವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಕೋತಿಯ ಒಂದು ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡಿದ್ದ ಈ ವಸ್ತುವನ್ನು ಕಂಡರು. ತೂಕ ಐವತ್ತಮೂರು ಸಾವಿರ ಡಾಲ್ಟನ್ ಎಂದು ತೋರಿದ್ದರಿಂದ ಆ ಹೆಸರು ಬಿತ್ತು. ಆ ತೂಕವೂ ಸರಿಯಲ್ಲ, ನಿಜವಾದ ತೂಕ ಸುಮಾರು ನಲವತ್ತನಾಲ್ಕು ಸಾವಿರವೆಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಉಳಿಯಿತು. ಗಂತಿಗಳಲ್ಲೆಲ್ಲ ಅದು ಧಾರಾಳವಾಗಿ ಕಾಣುತ್ತಿದ್ದುದರಿಂದ, ಗಂತಿಯನ್ನು ಹುಟ್ಟಿಸುವುದೇ ಅದೆಂದು ಹತ್ತು ವರ್ಷ ಎಲ್ಲರೂ ನಂಬಿದ್ದರು. ೧೯೮೯ರಲ್ಲಿ ಲೆವಿನ್ ಅವರ ತಂಡವೂ ಫೋಗೆಲ್‌ಸ್ಟೈನ್ ಅವರ ತಂಡವೂ ನಿಜಸಂಗತಿಯನ್ನು ಹೊರಗೆಡಹಿದುವು. ಅಲ್ಲಿಯವರೆಗೆ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದ್ದ ಪ್ರತಿಗಳು ಕೆಟ್ಟ ಪ್ರತಿಗಳಾಗಿದ್ದವು. ಸರಿಯಾದ ಪಿ-೫೩ ಗಂತಿಯನ್ನು ತಡೆಯುವಂಥದು. ಕಳುವಾದ ಮನೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ ಕಾವಲುಗಾರನನ್ನೇ ಕಳ್ಳನೆಂದು ಹಿಡಿದಂತಾಗಿತ್ತು. ಪಾಠಾಂತರಗಳನ್ನು ಒಂದಕ್ಕೊಂದು ಹೋಲಿಸದೆ ಒಂದೇ ಓಲೆಯನ್ನು ನಂಬಿ ಗ್ರಂಥ ಸಂಪಾದಿಸುವವರಿಗೆ ಆಗುವ ಗತಿ ವಿಜ್ಞಾನಿಗಳನ್ನೂ ಬಿಡದೆಂದು ನಾನು ಇದರಿಂದ ತಿಳಿದೆ.

ಮರುವರ್ಷಗಳಲ್ಲಿ ವಿಕಿರಣದೊಡನೆ ಅದರ ಸಂಬಂಧ ಹೊರಬಿತ್ತು. ೧೯೯೧ರಲ್ಲಿ ಕ್ಯಾಸ್ಟನ್ ಮತ್ತು ಅವರ ಜೊತೆಗಾರರು, ಕಿರಣ ತಗುಲಿದ ಕೋಶದಲ್ಲಿ ಪಿ-೫೩ ಏರುತ್ತದೆ, ಮೊದಲ ಯತಿಯಲ್ಲಿ ಕೋಶವನ್ನು ನಿಲ್ಲಿಸುತ್ತದೆ, ಕೆಟ್ಟ ಪಿ-೫೩ ಇರುವ ಕೋಶ ಅಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಿದರು. ಈ ಏರ್ಪಾಟನ್ನು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿಯವರಿಗೆ ವಿವರಿಸುವುದು ಕಷ್ಟವಲ್ಲ. ಎಲ್ಲೋ ದಂಡೆ ಒಡೆದಿದೆ ಎಂದಿಟ್ಟುಕೊಳ್ಳಿ. ಒಡಕನ್ನು ಕಂಡು ಓಡಿ ಬಂದು ಸುದ್ದಿ ಹೇಳುವವನು ‘ಎ.ಟಿ.ಎಂ.’ ಎಂಬ ಪ್ರೋಟೀನು. ಸುದ್ದಿ ಕೇಳಿ ಎದ್ದು ನಿಲ್ಲುವ ನೀರಗಂಟಿ ಪಿ-೫೩. ಅವನು ಬಳಸುವ ಅಗುಳಿ ‘ಪಿ-೨೧’. ತೂಬಿನ ಬಾಗಿಲು ‘ಆರ್.ಬಿ.’ ಎಂಬ ಇನ್ನೊಂದು ಪ್ರೋಟೀನು. ಬಾಗಿಲು ಮುಚ್ಚಿದರೆ ಮುಂದಿನ ಗದ್ದೆಗೆ ನೀರು ಹರಿಯದು; ಅಷ್ಟರಲ್ಲಿ ದಂಡೆಯನ್ನು ಕಟ್ಟಿಕೊಳ್ಳಬಹುದು. ಶಾಂತಕಾಲದಲ್ಲಿ ನೀರಗಂಟಿಯನ್ನು ಮನೆಗೆ ಕಳಿಸುವವನೂ ಒಬ್ಬನಿದ್ದಾನೆ. ಇಲ್ಲವಾದರೆ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು.

ದಂಡೆ ಕಟ್ಟಲಾರದಷ್ಟು ಒಡೆದಿದ್ದರೆ ನೀರಗಂಟಿ ಬೇರೊಂದು ಆಜ್ಞೆ ಕೊಡುತ್ತಾನೆ. ಕೋಶ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ೧೯೭೨ರಲ್ಲಿ ಇದಕ್ಕೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದೆಂದು ಆ ಗ್ರೀಕ್ ಪದದ ಅರ್ಥ. ಇಂಥ ಒಳ್ಳೆಯ ಪರಿಭಾಷೆ ಎಲ್ಲ ಶಾಸ್ತ್ರಗಳಿಗೂ ದೊರೆಯುವುದಿಲ್ಲ. ೧೯೯೩ರಲ್ಲಿ ಪಿ-೫೩ ಇಲ್ಲದೆ ಹುಟ್ಟಿಸಿದ ಇಲಿಗಳ ಎದೆಯ ಥೈಮಸ್ ಗ್ರಂಥಿಯ ಕೋಶಗಳಿಗೆ ಕಿರಣ ಬಿಟ್ಟಾಗ, ಸಾಯಬೇಕಾದವು ಸಾಯಲಿಲ್ಲ. ಬೆರ್ಗೋನಿಯೆ ಅವರ ಸೂತ್ರದ ಅಪವಾದಕ್ಕೆ ಇಲ್ಲಿ ಸಮಾಧಾನ ದೊರೆಯಿತು: ಸುಮ್ಮನಿರುವ ಲಿಂಫೋಸೈಟ್ ಬೇಗ ಸಾಯುವುದು ಅದರ ನೀರಗಂಟಿ ಅಷ್ಟು ಬೇಗ ಆಜ್ಞೆ ಕೊಡುವುದರಿಂದ. ಆನೆಯ ವಿಷಯ ಇನ್ನೂ ಸ್ವಾರಸ್ಯವಾದುದು. ಮನುಷ್ಯನಿಗೆ ತಂದೆಯಿಂದೊಂದು ತಾಯಿಯಿಂದೊಂದು ಪಿ-೫೩ ಜೀನು ಬಂದರೆ, ಆನೆಯಲ್ಲಿ ಅಂಥ ಜೀನಿನ ಇಪ್ಪತ್ತು ಜೊತೆಗಳಷ್ಟು ಪ್ರತಿಗಳಿವೆ ಎಂದು ೨೦೧೫ರಲ್ಲಿ ಪ್ರಕಟವಾಯಿತು. ಕಿರಣ ತಗುಲಿದ ಆನೆಯ ರಕ್ತಕೋಶ ಮನುಷ್ಯನದಕ್ಕಿಂತ ಸುಲಭವಾಗಿ ಎಲೆಯಂತೆ ಉದುರುತ್ತದೆ; ಅಷ್ಟು ದೊಡ್ಡ ಮೈಯಲ್ಲಿ ಅರ್ಬುದ ಅಪರೂಪ.

ಇಷ್ಟನ್ನು ಕೇಳಿ ಪಿ-೫೩ ಕೆಟ್ಟ ಗಂತಿಯೆಲ್ಲ ಕಿರಣಕ್ಕೆ ಬಗ್ಗದೆಂದು ತೀರ್ಮಾನಿಸಿದರೆ ಅವಸರವಾಗುತ್ತದೆ. ರಕ್ತದ ಕೋಶಗಳಲ್ಲಿ ಅದು ಬಹುಮಟ್ಟಿಗೆ ನಿಜ. ಕರುಳಿನಲ್ಲಿ ತಿರುವುಮುರುವು, ಕರುಳಿನ ಒಳಪದರದಲ್ಲಿ ಪಿ-೫೩ ತೆಗೆದ ಇಲಿಗಳು ಹೆಚ್ಚಿನ ಕಿರಣಕ್ಕೆ ಬೇಗ ಸತ್ತವೆಂದು ೨೦೧೦ರಲ್ಲಿ ಕಂಡುಬಂತು. ಮೊದಲ ಯತಿ ಇಲ್ಲದ ಕೋಶ ಎರಡನೆಯ ಯತಿಯನ್ನೇ ನೆಚ್ಚಿಕೊಂಡಿರುತ್ತದೆ; ಅದನ್ನೂ ಔಷಧದಿಂದ ಕಿತ್ತುಹಾಕಿದರೆ ಆ ಕೋಶ ಹಾರ್ಟ್‌ವೆಲ್ ಅವರ ಯೀಸ್ಟಿನಂತೆ ಮುರಿದ ಲಿಪಿಯೊಡನೆ ಓಡಿ ಬಿದ್ದು ಸಾಯಬಹುದು ಎಂಬ ಯುಕ್ತಿಯ ಮೇಲೆ ಹೊಸ ಔಷಧಗಳ ಪರೀಕ್ಷೆ ನಡೆದಿದೆ. ಬಾಯಿಯ ಗಂತಿಯ ರೋಗಿಗೆ ಪಿ-೫೩ ಪರೀಕ್ಷಿಸಿ ಕಿರಣದ ಅಳತೆಯನ್ನು ಗೊತ್ತುಮಾಡುವ ರೂಢಿ ಮಾತ್ರ ಇನ್ನೂ ಬಂದಿಲ್ಲ.

ಬಾಯಿಯ ಗಂತಿ ಎಂದೆ. ನಮ್ಮ ನಾಡಿನಲ್ಲಿ ವಿಕಿರಣದ ಯಂತ್ರದ ಮುಂದೆ ಸರದಿ ನಿಲ್ಲುವವರಲ್ಲಿ ಬಹುಮಂದಿ ಎರಡು ರೋಗಗಳವರು: ತಂಬಾಕು, ಗುಟ್ಕಾಗಳಿಂದ ಬಾಯಿ ಕೆಟ್ಟವರು, ಮತ್ತು ಗರ್ಭಕೊರಳಿನ ಗಂತಿಯ ಹೆಣ್ಣುಮಕ್ಕಳು. ಎರಡರಲ್ಲಿಯೂ ನೀರಗಂಟಿಗೆ ಆಪತ್ತು, ಆದರೆ ಬೇರೆ ಬೇರೆ ರೀತಿಯಲ್ಲಿ. ದವಡೆಯಲ್ಲಿ ಒತ್ತಿಟ್ಟುಕೊಂಡ ತಂಬಾಕು ಅನೇಕರಲ್ಲಿ ಪಿ-೫೩ರ ಜೀನನ್ನೇ ಕೆಡಿಸುತ್ತದೆ. ಗರ್ಭಕೊರಳಿನಲ್ಲಿ ಸಾಮಾನ್ಯವಾಗಿ ಜೀನು ಕೆಟ್ಟಿರುವುದಿಲ್ಲ. ಅಲ್ಲಿ ಪ್ಯಾಪಿಲೋಮಾ ಎಂಬ ವೈರಸ್ಸು ತಾನು ತಯಾರಿಸುವ ‘ಇ-೬’ ಎಂಬ ಪ್ರೋಟೀನಿನಿಂದ, ಹುಟ್ಟಿದ ಪಿ-೫೩ನ್ನು ಹುಟ್ಟಿದಂತೆಯೇ ಕೊಲ್ಲಿಸುತ್ತದೆ. ಇದು ೧೯೯೦ರಲ್ಲಿ ತಿಳಿಯಿತು. ವೈರಸ್ಸನ್ನು ಗುರುತಿಸಿದ ತ್ಸೂರ್ ಹಾಉಸೆನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದೇ ವೈರಸ್ಸು ಗಂಟಲಿನಲ್ಲಿಯೂ ಗಂತಿ ಎಬ್ಬಿಸುತ್ತದೆ; ಅಂಥ ಗಂತಿ ತಂಬಾಕಿನ ಗಂತಿಗಿಂತ ಕಿರಣಕ್ಕೆ ಚೆನ್ನಾಗಿ ಮಣಿಯುವುದೆಂದು ಅಮೆರಿಕದಲ್ಲಿ ೨೦೧೦ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ವೈರಸ್ಸು ಕಾವಲುಗಾರನನ್ನು ಅದುಮಿ ಹಿಡಿದಿರುತ್ತದೆಯೇ ಹೊರತು ಅವನ ವಂಶವನ್ನೇ ಅಳಿಸಿರುವುದಿಲ್ಲ ಎಂಬುದು ಇದಕ್ಕೆ ಹೇಳುವ ಕಾರಣಗಳಲ್ಲೊಂದು.

ಇಲ್ಲಿ ಒಬ್ಬ ತಾಯಿಯನ್ನು ನೆನೆಯಬೇಕು. ಅಮೆರಿಕದ ಬಾಲ್ಟಿಮೋರಿನಲ್ಲಿ ೧೯೫೧ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಜನಾಂಗದ ಹೆಣ್ಣುಮಗಳು ಗರ್ಭಕೊರಳಿನ ಗಂತಿಗೆ ರೇಡಿಯಂ ಚಿಕಿತ್ಸೆ ಪಡೆದು, ಗುಣವಾಗದೆ, ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಅನುಮತಿ ಕೇಳದೆ ತೆಗೆದಿರಿಸಿಕೊಂಡ ಕೋಶಗಳು ‘ಹೀಲಾ’ ಎಂಬ ಹೆಸರಿನಲ್ಲಿ ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಇಂದಿಗೂ ಬೆಳೆಯುತ್ತಿವೆ. ಮೇಲೆ ಹೇಳಿದ ಪಕ್ ಅವರ ಎಣಿಕೆಯೂ ತೆರಾಸಿಮಾ ಅವರ ತಾಳವೂ ಈ ಹೆಣ್ಣುಮಗಳ ಕೋಶಗಳ ಮೇಲೆ ನಡೆದವು. ಆ ಕೋಶಗಳಲ್ಲಿ ಪ್ಯಾಪಿಲೋಮಾ ವೈರಸ್ಸು ಇದ್ದು, ಪಿ-೫೩ ನಿಲ್ಲದಂತೆ ಮಾಡಿತ್ತು. ಕಾವಲುಗಾರನಿಲ್ಲದ ಮನೆಯನ್ನೇ ಅಳೆಯುತ್ತಿದ್ದೇವೆಂಬುದು ಅಂದಿನ ವಿದ್ವಾಂಸರಿಗೆ ಗೊತ್ತಿರಲಿಲ್ಲ.

ಇನ್ನು ಹುಟ್ಟಿನಿಂದಲೇ ಈ ಏರ್ಪಾಟಿನ ಒಂದು ಕೊಂಡಿ ಕಳಚಿದವರು ಉಂಟು. ಸುದ್ದಿಗಾರನಾದ ಎ.ಟಿ.ಎಂ. ಇಲ್ಲದ ಮಕ್ಕಳು ನಡೆಯುವಾಗ ತೂರಾಡುತ್ತಾರೆ, ಅವರ ಕಣ್ಣಿನಲ್ಲಿ ಕೆಂಪು ನರಗಳು ಹರಡಿರುತ್ತವೆ; ಅವರಿಗೆ ಉಳಿದವರಿಗೆ ಕೊಡುವಷ್ಟು ಕಿರಣ ಕೊಟ್ಟರೆ ಪ್ರಾಣಕ್ಕೇ ಅಪಾಯ. ಆ ಜೀನು ೧೯೯೫ರಲ್ಲಿ ಶಿಲೋ ಅವರ ತಂಡಕ್ಕೆ ಇಸ್ರೇಲಿನಲ್ಲಿ ಸಿಕ್ಕಿತು. ಆರ್.ಬಿ. ಜೀನಿನ ಒಂದು ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಿಗೆ ಕಣ್ಣಿನೊಳಗೆ ಗಂತಿಯೇಳುತ್ತದೆ. ಅಂಥ ೪೮ ಮಕ್ಕಳ ದಾಖಲೆಗಳನ್ನು ಎಣಿಸಿಯೇ ೧೯೭೧ರಲ್ಲಿ ಕ್ನೂಡ್ಸನ್ ಅವರು, ಎರಡು ಪ್ರತಿಗಳೂ ಕೆಟ್ಟಾಗ ಗಂತಿ ಹುಟ್ಟುವುದೆಂದು ಊಹಿಸಿದ್ದರು. ಆ ಮಕ್ಕಳಿಗೆ ಹೊರಗಿನಿಂದ ಕಿರಣ ಬಿಟ್ಟರೆ ದೊಡ್ಡವರಾದ ಮೇಲೆ ಕಿರಣ ಬಿದ್ದ ಜಾಗದಲ್ಲೇ ಬೇರೆ ಗಂತಿ ಏಳಬಹುದಾದ್ದರಿಂದ ವೈದ್ಯರು ಈಗ ಸಾಧ್ಯವಾದಷ್ಟೂ ಅದನ್ನು ತಪ್ಪಿಸುತ್ತಾರೆ.

ಕನ್ನಡನಾಡಿನಲ್ಲಿಯೂ ಈ ಶಾಸ್ತ್ರದ ಕೆಲಸ ನಡೆದಿದೆ. ಮಣಿಪಾಲದ ವೈದ್ಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಅವರ ಜೊತೆಗಾರರು ೧೯೯೦ರ ದಶಕದಲ್ಲಿ ಇಲಿಗಳಿಗೆ ತುಳಸಿಯ ಎಲೆಯ ಸಾರವನ್ನು ಮೊದಲೇ ಕೊಟ್ಟು ಕಿರಣ ಬಿಟ್ಟಾಗ ಹೆಚ್ಚು ಇಲಿಗಳು ಉಳಿದದ್ದನ್ನು ಪ್ರಕಟಿಸಿದರು. ನಮ್ಮ ಹಿರೇಮದ್ದಿನ ಗಿಡದಲ್ಲಿರುವ ವಿಥಾಫೆರಿನ್ ಎಂಬ ವಸ್ತು ಇದಕ್ಕೆ ವಿರುದ್ಧವಾಗಿ, ಇಲಿಯ ಗಂತಿಯ ಮೇಲೆ ಕಿರಣದ ಪೆಟ್ಟನ್ನು ಹೆಚ್ಚಿಸುವುದನ್ನೂ ಅವರು ಕಂಡರು. ಇವೆಲ್ಲ ಇಲಿಯ ಮಟ್ಟಿನ ಮಾತು. ಚಿಕಿತ್ಸೆಯ ದಿನಗಳಲ್ಲಿ ವೈದ್ಯರಿಗೆ ಹೇಳದೆ ಕಷಾಯ ಕುಡಿಸುವವರು, ಒಂದು ಗಿಡ ಕೋಶವನ್ನು ಕಾಯುವುದಾದರೆ ಗಂತಿಯ ಕೋಶವನ್ನೂ ಕಾಯಬಹುದೆಂಬುದನ್ನು ಯೋಚಿಸಬೇಕು.

ನಮ್ಮ ಕಡೆಯ ಮನೆಗಳಿಗೆ ಹೆಚ್ಚು ಸಂಬಂಧಿಸಿದ ಶೋಧ ಬೇರೊಂದಿದೆ. ಬಾಯಿಗೆ ಕಿರಣ ಕೊಡಿಸಿಕೊಳ್ಳುವವರಿಗೆ ಮೂರನೆಯ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದು. ಊರಲ್ಲಿ ಹತ್ತಿ ಬಿಡಿಸುವ ಕಾಲ ಬಂದಿರುತ್ತದೆ, ಇಲ್ಲವೆ ಜಾತ್ರೆ. ಜೊತೆಗಿದ್ದವರ ಕೈಯ ದುಡ್ಡೂ ಮುಗಿದಿರುತ್ತದೆ. ಗಂತಿಯೂ ಕರಗಿದಂತೆ ಕಾಣು‌ತ್ತದೆ. “ಎಂಟು ದಿನ ಊರಿಗೆ ಹೋಗಿ ಬರೋಣು” ಎಂದು ದೇವದುರ್ಗದ ಬಸ್ಸು ಹತ್ತುತ್ತಾರೆ. ೧೯೮೮ರಲ್ಲಿ ವಿದರ್ಸ್ ಮತ್ತು ಸಂಗಡಿಗರು ತಲೆ ಕೊರಳುಗಳ ಗಂತಿಯ ಅನೇಕ ಚಿಕಿತ್ಸೆಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇದು: ಚಿಕಿತ್ಸೆ ತೊಡಗಿದ ನಾಲ್ಕು ವಾರಗಳ ಸುಮಾರಿಗೆ, ಉಳಿದಿರುವ ಗಂತಿಯ ಕೋಶಗಳು ಮೊದಲಿಗಿಂತ ವೇಗವಾಗಿ ಒಡೆಯತೊಡಗುತ್ತವೆ. ಕಣ್ಣಿಗೆ ಗಂತಿ ಕುಗ್ಗುತ್ತಿರುವಾಗಲೇ ಒಳಗೆ ಇದು ನಡೆದಿರುತ್ತದೆ. ಆ ವೇಗವನ್ನು ಸರಿದೂಗಿಸಲು ದಿನಕ್ಕೆ ಸುಮಾರು ೦.೬ ಗ್ರೇ ಕಿರಣ ವೆಚ್ಚವಾಗುತ್ತದೆ. ಐದನೆಯ ವಾರದಲ್ಲಿ ಏಳು ದಿನ ತಪ್ಪಿಸಿದರೆ ನಾಲ್ಕು ಗ್ರೇಗಿಂತ ಹೆಚ್ಚು, ಎಂದರೆ ಕೊಡಿಸಿಕೊಂಡ ಎರಡು ದಿನಗಳ ಕಿರಣ, ನೀರಿನಲ್ಲಿ ಹೋದಂತೆ. ಗರ್ಭಕೊರಳಿನ ಚಿಕಿತ್ಸೆಯನ್ನೂ, ಹೊರಗಿನಿಂದ ಕೊಡುವುದು ಒಳಗಿನಿಂದ ಕೊಡುವುದು ಎರಡೂ ಸೇರಿ, ಎಂಟು ವಾರಗಳೊಳಗೆ ಮುಗಿಸಬೇಕೆಂದು ವೈದ್ಯರು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಯಂತ್ರ ಕೆಟ್ಟೋ ಜ್ವರ ಬಂದೋ ದಿನಗಳು ತಪ್ಪಿದಾಗ, ತಪ್ಪಿದ್ದನ್ನು ತುಂಬಲು ಒಂದೇ ದಿನ ಎರಡು ಸಲ ಕಿರಣ ಕೊಡುವುದುಂಟು. ಆಗ ಎರಡರ ನಡುವೆ ಕಡಿಮೆಯೆಂದರೆ ಆರು ಗಂಟೆ ಬಿಡುತ್ತಾರೆ. ಬೆಳಗ್ಗೆ ಒಮ್ಮೆ ಹೋಗಿ ಸಂಜೆಯವರೆಗೆ ಆಸ್ಪತ್ರೆಯ ಮರದ ಕೆಳಗೆ ಕಾದು ಕುಳಿತ ಮಂದಿಗೆ ಇದು ಸಿಬ್ಬಂದಿಯವರ ಉದಾಸೀನವೆಂದು ತೋರುವುದು ಸಹಜ. ಒಳ್ಳೆಯ ಮಾಂಸದ ಕೋಶಗಳು ಯತಿಯಲ್ಲಿ ನಿಂತು ಲಿಪಿಯ ಮುರಿತವನ್ನು ಹೊಲಿದುಕೊಳ್ಳಲು ಅಷ್ಟು ಹೊತ್ತು ಬೇಕು.